ಕುಂಡದ ಗಿಡವೂ ಊರ ಧೂಳೂ

ಮನೆಯೊಳಗೆ ಗಿಡ ಇಡಕೂಡದೆಂದು ವಾದಿಸಲು ಹೊರಟವನಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಏಕೆಂದರೆ ದಾವಣಗೆರೆಯ ನಮ್ಮ ಬಡಾವಣೆಗಳಲ್ಲಿ ಈಗ ಕುಂಡದ ಗಿಡದ ವಿರುದ್ಧ ಮಾತಾಡುವುದು ಬೆಣ್ಣೆದೋಸೆಯ ವಿರುದ್ಧ ಮಾತಾಡಿದಷ್ಟೇ ಅಪಾಯಕರ. ನನ್ನ ತಕರಾರು ಗಿಡದ ಮೇಲಲ್ಲ, ಅದರ ಕೊರಳಿಗೆ ಕಟ್ಟಿದ ಚೀಟಿಯ ಮೇಲೆ. ‘ಗಾಳಿ ಶುದ್ಧಿಮಾಡುವ ಗಿಡ’, ‘ರಾತ್ರಿಯೂ ಆಮ್ಲಜನಕ ಕೊಡುವ ಗಿಡ’, ‘ಆರೈಕೆಯೇ ಬೇಡದ ಗಿಡ’ ಎಂದೆಲ್ಲ ಬರೆದು ಮಾರುತ್ತಾರೆ. ಓದುಬರಹ ಬಲ್ಲ ನಾವೇ ಮುಗಿಬಿದ್ದು ಕೊಳ್ಳುತ್ತೇವೆ.

ಮೊದಲನೆಯ ಮಾತಿನ ಬೇರು 1989ರ ಒಂದು ವರದಿಯಲ್ಲಿದೆ. ಅಮೆರಿಕದ ನಾಸಾ ಸಂಸ್ಥೆಯ ವುಲ್ವರ್ಟನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ, ಆಕಾಶದಲ್ಲಿ ಕಟ್ಟಬೇಕಾದ ಮುಚ್ಚಿದ ನೆಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಘನಮೀಟರಿಗೂ ಚಿಕ್ಕದಾದ ಪೆಟ್ಟಿಗೆಯಲ್ಲಿ ಗಿಡವಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ಆವಿಗಳನ್ನು ತುಂಬಿ, ಅವು ಎಷ್ಟು ಇಳಿಯುತ್ತವೆಂದು ಅಳೆದರು. ಇಳಿದದ್ದು ನಿಜವೇ. ಆದರೆ ನಮ್ಮ ಮನೆಗಳು ಪೆಟ್ಟಿಗೆಗಳೇ? ಕಿಟಕಿಯುಂಟು, ಬಾಗಿಲುಂಟು, ಬಾಗಿಲ ಕೆಳಗೆ ಇಲಿ ನುಸುಳುವಷ್ಟು ಸಂದುಂಟು. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಕಮ್ಮಿಂಗ್ಸ್ ಮತ್ತು ವೇರಿಂಗ್ ಇಂಥ 12 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಿಟಕಿ ಸಂದುಗಳಿಂದ ತಾನಾಗಿ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ, ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ! ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗೆ ಕಡಮೆಯೆಂದರೂ ತೊಂಬತ್ತು ಕುಂಡ. ಮಂಚ ಎಲ್ಲಿ ಹಾಕುವುದು?

ಅದೂ ಆವಿಗಳ ಮಾತಾಯಿತು. ನಮ್ಮ ಊರಿನ ಕಾಟ ಧೂಳಿನದು. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ಎಷ್ಟು ಹಿಗ್ಗಿದೆವು! 2019ರಲ್ಲಿ ಇನ್ನೊಂದು ಪಟ್ಟಿಯಲ್ಲೂ ಬಂತು. ಕೇಂದ್ರ ಸರ್ಕಾರ ಶುದ್ಧ ಗಾಳಿಯ ಕಾರ್ಯಕ್ರಮವನ್ನು ಆರಂಭಿಸಿ, ಗಾಳಿ ಕೆಟ್ಟ ಊರುಗಳನ್ನು ಗುರುತಿಸಿದಾಗ ಕರ್ನಾಟಕದಿಂದ ನಾಲ್ಕು ಸೇರಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಾವು. ಈ ಪಟ್ಟಿಗೆ ಯಾರೂ ಪಟಾಕಿ ಹಚ್ಚಲಿಲ್ಲ, ಯಾರೂ ಸಿಟ್ಟಾಗಲೂ ಇಲ್ಲ, ಕುಂಡ ಕೊಂಡೆವು. ಅಗೆದು ಬಿಟ್ಟ ರಸ್ತೆಯ ಮಣ್ಣು, ಲಾರಿಗಳ ಹೊಗೆ, ಮಂಡಕ್ಕಿ ಭಟ್ಟಿಗಳ ಹೊಗೆ, ಇಷ್ಟನ್ನೂ ಮೂಲೆಯ ಮನಿಪ್ಲಾಂಟ್ ಬಳ್ಳಿಯೊಂದು ಹೀರಬೇಕೆಂದು ನಮ್ಮ ಆಸೆ. ಎಲೆಯ ಮೇಲೆ ಧೂಳು ಕೂರುತ್ತದಲ್ಲ ಎನ್ನುತ್ತಾರೆ. ಮೇಜಿನ ಮೇಲೂ ಕೂರುತ್ತದೆ. ಅದನ್ನು ಗಾಳಿ ಶುದ್ಧಿಮಾಡುವ ಮೇಜೆಂದು ಯಾರೂ ಮಾರುವುದಿಲ್ಲ. ಇನ್ನು ಭಟ್ಟಿಯ ಬಾಯಿಯಲ್ಲಿ ದಿನವಿಡೀ ನಿಂತು ಮಂಡಕ್ಕಿ ಹುರಿಯುವವರಿಗೆ ಯಾವ ಗಿಡ ಕೊಡೋಣ?

ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆಂಬುದು ಅರೆತಿಳಿವಿನ ಮಾತು. ನೀರು ಉಳಿಸಲು ಅದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಇಂಗಾಲಾಮ್ಲವನ್ನು ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೇ. ಆಮ್ಲಜನಕ ಹುಟ್ಟುವುದು ಬೆಳಕಿನಿಂದ. ದೀಪ ಆರಿಸಿ ಮಲಗಿದ ಕೋಣೆಯಲ್ಲಿ ಅದು ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ನನ್ನನ್ನು ಕೆರಳಿಸುವುದು ‘ಆರೈಕೆಯೇ ಬೇಡ’ ಎಂಬ ಮಾತು. ಇದನ್ನು ನಮ್ಮ ಸೀಮೆ ಹಿಂದೊಮ್ಮೆ, ಕುಂಡದಲ್ಲಲ್ಲ, ಬಯಲಿನಲ್ಲಿ ಕೇಳಿತ್ತು. ಹರಿಹರದ ಹೊಳೆಯಾಚೆ, ಕುಮಾರಪಟ್ಟಣದಲ್ಲಿ, ಮರದ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಅದೂ ಸರ್ಕಾರವೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 30 ಸಾವಿರ ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಸಲು ಗೊತ್ತುಮಾಡಿದವು. ನೀಲಗಿರಿಗಿಂತ ಸುಲಭದ ಗಿಡ ಯಾವುದು? ದನ ಬಾಯಿ ಹಾಕದು, ಕಾವಲು ಬೇಡ, ಕಡಿದರೆ ಮತ್ತೆ ಚಿಗುರುತ್ತದೆ. ಆದರೆ ದನ ಬಾಯಿ ಹಾಕದ ಗಿಡ ದನ ಸಾಕಿದವನಿಗೆ ಯಾತಕ್ಕೆ? 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂದು ಹೆಸರಾದ ಸತ್ಯಾಗ್ರಹ ಅದು. ಯಾರಿಗೆ ಸುಲಭ ಎಂದು ಅವರು ಕೇಳಿದ ಪ್ರಶ್ನೆಯನ್ನು ನಾವು ಕುಂಡದ ಮುಂದೆಯೂ ಕೇಳಬೇಕು.

ಏಕೆಂದರೆ, ಮಾರುವವನಿಗೆ ಸುಲಭವಾದ ಗಿಡ ಸಾಕುವವನಿಗೆ ಒಳ್ಳೆಯದೆಂದೇನೂ ಇಲ್ಲ. ಮನಿಪ್ಲಾಂಟ್, ಡೀಫನ್‌ಬ್ಯಾಕಿಯಾಗಳ ಎಲೆಯಲ್ಲಿ ಸೂಜಿಯಂಥ ಹರಳುಗಳಿವೆ. ಅಂಬೆಗಾಲಿಡುವ ಮಗು ಕಚ್ಚಿದರೆ ಬಾಯಿ ಉರಿದು ನಾಲಗೆ ಊದಿಕೊಳ್ಳುತ್ತದೆ. ಇದನ್ನು ಚೀಟಿಯಲ್ಲಿ ಬರೆಯುವುದಿಲ್ಲ. ಅದಕ್ಕಿಂತ ಮಿಗಿಲಾದ ಮಾತೆಂದರೆ, ಮನೆಯ ಗಿಡದಿಂದ ಬರುವ ಲಾಭವೇ ಆರೈಕೆಯಲ್ಲಿದೆ. ಎಪ್ಪತ್ತು ದಾಟಿದ ನನ್ನ ತಾಯಿಯವರಿಗೆ ಬೆಳಗ್ಗೆ ಎದ್ದೊಡನೆ ಹೋಗಿ ನೋಡಲು ಒಂದು ಚಿಗುರಿದೆ. ಮೊಮ್ಮಗಳನ್ನು ಕೂಗಿ ತೋರಿಸಲು ಒಂದು ನೆಪವಿದೆ. ಇದನ್ನು ಯಾವ ಪ್ರಯೋಗಶಾಲೆ ಅಳೆದೀತು? ಆರೈಕೆ ಬೇಡವೆನ್ನುವವರು ಪ್ಲಾಸ್ಟಿಕ್ಕಿನ ಗಿಡ ಕೊಳ್ಳಲಿ. ಅದರಲ್ಲಿ ಕಪಟವಾದರೂ ಕಡಮೆ.

ಸುಲಭವೇ ಬೇಕಾದರೆ ದೊಡ್ಡಪತ್ರೆ ಇದೆಯಲ್ಲ! ಒಡೆದ ಕೊಡ ಸಾಕು, ನೀರು ಬಸಿದುಹೋಗಲು ತಳದಲ್ಲೊಂದು ತೂತಿರಬೇಕು. ಬೆಳಗಿನ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ಪ್ರೀತಿ ಹೆಚ್ಚಾಗಿ ದಿನಕ್ಕೆರಡು ಸಲ ಸುರಿದರೆ ಬೇರು ಕೊಳೆಯುತ್ತದೆ. ಬೇಸಗೆಯಲ್ಲಿ ನಲ್ಲಿಯ ನೀರಿಗೆ ದಿನ ಎಣಿಸುವವರು ಅಕ್ಕಿ ತೊಳೆದ ನೀರು ಹಾಕಿದರೂ ಆಗುತ್ತದೆ. ಎಲೆ ಕಿತ್ತರೆ ತಂಬುಳಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬಜ್ಜಿ. ಲೋಳೆಸರ, ತುಳಸಿಗಳೂ ಉಂಟು. ತುಳಸಿಗೆ ಮಾತ್ರ ಬಿಸಿಲು ಹೆಚ್ಚು ಬೇಕು, ಹಜಾರದ ಕತ್ತಲೆಯಲ್ಲಿ ಬಾಳದು.

ಧೂಳಿನ ವಿಚಾರವನ್ನು ಮಹಾನಗರಪಾಲಿಕೆಗೆ ಒಪ್ಪಿಸೋಣ. ಶುದ್ಧ ಗಾಳಿಗೆಂದು ಬರುವ ಹಣದಲ್ಲಿ ಯಾವ ರಸ್ತೆಯ ಮಣ್ಣು ಎತ್ತಿದರು, ಭಟ್ಟಿಗಳ ಒಲೆ ಎಷ್ಟು ಸುಧಾರಿಸಿತು ಎಂದು ಬರವಣಿಗೆಯಲ್ಲಿ ಕೇಳುವ ಹಕ್ಕು ನಮಗಿದೆ. ಬಡಾವಣೆಗೆ ನಾಲ್ವರು ಸಹಿ ಹಾಕಿದರೂ ಅರ್ಜಿಯಾಗುತ್ತದೆ. ಸಹಿ ಹಾಕಲು ಬಂದವರಿಗೆ ನಮ್ಮ ಮನೆಯ ದೊಡ್ಡಪತ್ರೆಯ ಕಡ್ಡಿ ಮುರಿದುಕೊಡುತ್ತೇನೆ. ಮಳೆ ಹಿಡಿಯುವ ಹೊತ್ತಿಗೆ ನೆಟ್ಟರೆ ಬೇಗ ಬೇರು ಬಿಡುತ್ತದೆ.