ಹಣ ಮಾರ್ಚಿಗೆ, ಮಳೆ ಜೂನಿಗೆ

ಸರ್ಕಾರದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಲೆನಾಡಿನ ಮಣ್ಣಿನ ವರ್ಷ ಜೂನ್ ತಿಂಗಳ ಮೊದಲ ಮಳೆಯೊಂದಿಗೆ ಆರಂಭವಾಗಿ ಮರುವರ್ಷದ ಮೇ ಬಿಸಿಲಿನೊಂದಿಗೆ ಮುಗಿಯುತ್ತದೆ. ಹಳ್ಳಿಗಳ ಸಣ್ಣಪುಟ್ಟ ಪರಿಸರ ಕಾರ್ಯಗಳಿಗೆ ದೊರೆಯುವ ಸರ್ಕಾರಿ ನೆರವು ಏಕೆ ನಿರೀಕ್ಷಿತ ಫಲ ನೀಡುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರದ ಬಹುಪಾಲು ಈ ಎರಡು ಪಂಚಾಂಗಗಳ ನಡುವಿನ ಅಂತರದಲ್ಲಿಯೇ ಇದೆ. ಕೆರೆಯ ಹೂಳು ತೆಗೆಯಲು, ದೇವರಕಾಡಿಗೆ ಬೇಲಿ ಹಾಕಲು, ಸೊಪ್ಪಿನ ಬೆಟ್ಟವನ್ನು ಚೇತರಿಸಲು ಹಣ ಮಂಜೂರಾಗುವ ಹೊತ್ತಿಗೆ ಮಳೆಗಾಲ ಕಳೆದಿರುತ್ತದೆ. ಖರ್ಚು ತೋರಿಸಬೇಕಾದ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ನಡುವೆ ಸಿಲುಕಿದ ಗ್ರಾಮ ಸಮಿತಿಯು ನೆಲಕ್ಕೆ ಬೇಕಾದ ಕೆಲಸವನ್ನು ಬಿಟ್ಟು ಲೆಕ್ಕಕ್ಕೆ ಬೇಕಾದ ಕೆಲಸವನ್ನು ಮಾಡಿ ಮುಗಿಸುತ್ತದೆ.

ಹಣವೇ ಇಲ್ಲ ಎಂಬ ಮಾತನ್ನು ನಾವು ಮೊದಲು ಬದಿಗಿಡಬೇಕು. ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮವು 1974-75ರಲ್ಲಿ ಆರಂಭವಾಗಿ ಕರ್ನಾಟಕದ 40 ತಾಲ್ಲೂಕುಗಳನ್ನು ಒಳಗೊಂಡು ಹಲವು ದಶಕಗಳ ಕಾಲ ನಡೆಯಿತು. 1983ರ ನಂತರ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. 1990ರ ದಶಕದಲ್ಲಿ ಬ್ರಿಟನ್ನಿನದೇ ನೆರವಿನಿಂದ ಉತ್ತರ ಕನ್ನಡದಲ್ಲಿ ಪಶ್ಚಿಮ ಘಟ್ಟಗಳ ಅರಣ್ಯ ಮತ್ತು ಪರಿಸರ ಯೋಜನೆ ನಡೆಯಿತು. ಅರಣ್ಯ ಭೂಮಿಯನ್ನು ಗಣಿ, ರಸ್ತೆ, ಅಣೆಕಟ್ಟುಗಳಿಗೆ ಬಿಟ್ಟುಕೊಟ್ಟಾಗ ವಸೂಲಾಗುವ ಪರಿಹಾರದ ಹಣಕ್ಕಾಗಿ 2016ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು. ಆ ನಿಧಿಯಿಂದ 2019ರ ಆಗಸ್ಟ್ ತಿಂಗಳಲ್ಲಿ ರಾಜ್ಯಗಳಿಗೆ ವರ್ಗಾವಣೆಯಾದ ಮೊತ್ತ 47,436 ಕೋಟಿ ರೂಪಾಯಿ. ಹೀಗಿರುವಾಗ ಹಣ ಸಾಲದು ಎನ್ನುವುದಕ್ಕಿಂತ, ಬಂದ ಹಣ ಯಾವ ರೂಪದಲ್ಲಿ, ಯಾವ ತಿಂಗಳಲ್ಲಿ, ಯಾರ ಕೈಗೆ, ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಚಳವಳಿಯು ನಾಡಿಗೆ ಮೂರು ಶಬ್ದಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಈ ಅನುಕ್ರಮದಲ್ಲಿ ಒಂದು ವಿವೇಕವಿದೆ. ಇರುವುದನ್ನು ಉಳಿಸುವುದು ಮೊದಲು, ಇಲ್ಲದ್ದನ್ನು ಬೆಳೆಸುವುದು ಅನಂತರ, ಹಿತಮಿತವಾಗಿ ಬಳಸುವುದು ಕೊನೆಗೆ. ಸರ್ಕಾರದ ಅನುದಾನಗಳನ್ನು ಈ ಮೂರು ಶಬ್ದಗಳ ಪಕ್ಕದಲ್ಲಿಟ್ಟು ನೋಡಿದರೆ, ಹಣದ ಬಹುಭಾಗ ನಡುವಿನ ಶಬ್ದಕ್ಕೇ ಹರಿದಿರುವುದು ಕಾಣುತ್ತದೆ. ಬೆಳೆಸುವುದನ್ನು ಎಣಿಸಬಹುದು: ಇಷ್ಟು ಹೆಕ್ಟೇರ್, ಇಷ್ಟು ಗುಂಡಿ, ಇಷ್ಟು ಸಸಿ. ಉಳಿಸುವುದನ್ನು ಎಣಿಸುವ ಬಗೆ ಕಡತಗಳಿಗೆ ಇನ್ನೂ ಒಗ್ಗಿಲ್ಲ. ಬೆಂಕಿ ಬೀಳದಂತೆ ಕಾಯ್ದ ಬೆಟ್ಟ, ಬೇಸಿಗೆಯಲ್ಲೂ ಬತ್ತದ ಒರತೆ, ತಾನಾಗಿ ಹುಟ್ಟಿ ಎದೆಮಟ್ಟ ಬೆಳೆದ ನೇರಳೆ, ಹೊನ್ನೆ, ಮುರುಗಲು ಸಸಿಗಳು ಕಾಮಗಾರಿಯ ಛಾಯಾಚಿತ್ರದಲ್ಲಿ ಕಾಣುವಂಥವಲ್ಲ. ಸಹಜ ಪುನರುತ್ಪತ್ತಿಗೆ ನೆರವು ಎಂಬ ಬಾಬ್ತು ಯೋಜನೆಗಳಲ್ಲಿ ಇದೆ, ನಿಜ. ಆದರೆ ವರ್ಷದ ಕೊನೆಯಲ್ಲಿ ಗುರಿ ತಲುಪಿದ್ದನ್ನು ತೋರಿಸುವ ಒತ್ತಡ ಬಂದಾಗ ಗುಂಡಿ ತೋಡುವ ಕೆಲಸಕ್ಕೇ ಆದ್ಯತೆ ಸಿಗುತ್ತದೆ.

ಹಣದ ಪಂಚಾಂಗವು ಕಾಡಿನ ಸ್ವರೂಪವನ್ನೇ ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ಬೀಜಶಾಸ್ತ್ರದಿಂದ ಒಂದು ಉದಾಹರಣೆ ಕೊಡುತ್ತೇನೆ. ಸಾಲುಧೂಪದ ಹಣ್ಣು ಮಳೆಗಾಲದ ಹೊಸ್ತಿಲಲ್ಲಿ ಉದುರುತ್ತದೆ. ಅದರ ಬೀಜ ಒಣಗಿದರೆ ಸಾಯುತ್ತದೆ. ಕೆಲವು ವಾರಗಳೊಳಗೆ ಮಣ್ಣಿಗೆ ಸೇರಲೇಬೇಕು. ರಾಮಪತ್ರೆಯ ಬೀಜವೂ ಹಾಗೆಯೇ. ಉಪ್ಪಾಗೆಯ ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಲ ತೆಗೆದುಕೊಳ್ಳುತ್ತದೆ. ಇವುಗಳನ್ನು ಬೆಳೆಸಬೇಕಾದರೆ ಬೀಜ ಉದುರುವ ವಾರದಲ್ಲಿ ಆರಿಸುವವರ ಕೂಲಿಗೆ ಹಣ ಕೈಯಲ್ಲಿರಬೇಕು. ನರ್ಸರಿಯಲ್ಲಿ ಒಂದು ವರ್ಷವನ್ನೋ ಎರಡು ವರ್ಷಗಳನ್ನೋ ಕಳೆಯುವ ತಾಳ್ಮೆಯಿರಬೇಕು. ಡಿಸೆಂಬರಿನಲ್ಲಿ ಮಂಜೂರಾಗಿ ಮಾರ್ಚಿನಲ್ಲಿ ಮುಗಿಯುವ ಅನುದಾನಕ್ಕೆ ಈ ಎರಡೂ ಸಾಧ್ಯವಿಲ್ಲ. ಇತ್ತ ಅಕೇಶಿಯಾದ ಬೀಜವನ್ನು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟು ಬೇಕೆಂದಾಗ ತೆಗೆಯಬಹುದು. ಕೆಲವೇ ತಿಂಗಳುಗಳಲ್ಲಿ ಸಸಿ ಸಿದ್ಧವಾಗುತ್ತದೆ. ದನ ಅದಕ್ಕೆ ಬಾಯಿ ಹಾಕುವುದಿಲ್ಲ. ನಮ್ಮ ಬೋಳುಗುಡ್ಡಗಳ ಮೇಲೆ ಅಕೇಶಿಯಾ ಹರಡಿದ್ದಕ್ಕೆ ಅಧಿಕಾರಿಗಳ ಇಷ್ಟಾನಿಷ್ಟವನ್ನೇ ಕಾರಣವೆಂದು ಹೇಳುವುದು ಪೂರ್ತಿ ಸರಿಯಲ್ಲ. ಗೋದಾಮಿನಲ್ಲಿ ಇಡಬಹುದಾದ ಬೀಜ ಮಾತ್ರ ಹಣಕಾಸು ವರ್ಷಕ್ಕೆ ಹೊಂದಿಕೊಂಡಿತು. ಉರುವಲಿಗೆ ಅದು ಒದಗಿದೆ, ಸುಳ್ಳಲ್ಲ. ಆದರೆ ಕಾನುಕಾಡಿನ ಮರಗಳು ಹಣದ ಪಂಚಾಂಗದಿಂದ ಹೊರಗುಳಿದವು.

ನೆಟ್ಟ ಮೇಲಿನ ಕಥೆಯೂ ಬೇರೆಯಲ್ಲ. ಸಸಿಯ ಅಳಿವು ಉಳಿವು ತೀರ್ಮಾನವಾಗುವುದು ವನಮಹೋತ್ಸವದ ದಿನವಲ್ಲ, ಮೊದಲ ಎರಡು ಬೇಸಿಗೆಗಳಲ್ಲಿ. ಜನವರಿಯಲ್ಲಿ ಬೆಂಕಿರೇಖೆ ಸವರಬೇಕು, ಯುಪಟೋರಿಯಂ ಕಳೆ ಕೀಳಬೇಕು, ಬುಡಕ್ಕೆ ತರಗೆಲೆ ಹೊದಿಸಬೇಕು, ಮುರಿದ ಬೇಲಿಯನ್ನು ಕಟ್ಟಬೇಕು. ಇವೆಲ್ಲ ನಾಲ್ಕಾರು ಜನ ಕೆಲವು ದಿನಗಳಲ್ಲಿ ಮಾಡಿ ಮುಗಿಸಬಹುದಾದ, ಆದರೆ ವರ್ಷ ವರ್ಷವೂ ತಪ್ಪದೆ ಮಾಡಬೇಕಾದ ಕೆಲಸಗಳು. ಕೆರೆಯ ಮಾತೂ ಇದೇ. ಹೂಳೆತ್ತುವುದಕ್ಕೆ ಲಕ್ಷಗಟ್ಟಲೆ ಹಣ ಒಮ್ಮೆಲೇ ಬರುತ್ತದೆ. ಕೋಡಿ ದುರಸ್ತಿಗೆ, ಮೇಲಿನ ಕಾಲುವೆಯ ಕಸ ತೆಗೆಯುವುದಕ್ಕೆ ಪ್ರತಿವರ್ಷ ಬೇಕಾದ ಸಣ್ಣ ಮೊತ್ತ ಬರುವುದಿಲ್ಲ. ಕೆಲವೇ ಮಳೆಗಾಲಗಳಲ್ಲಿ ಕೆರೆ ಮತ್ತೆ ತುಂಬಿಕೊಳ್ಳುತ್ತದೆ. ಹೂಳೆತ್ತಲು ಮತ್ತೊಂದು ಅರ್ಜಿ ಹೋಗುತ್ತದೆ.

ಎಲ್ಲ ಊರಿಗೂ ಒಂದೇ ಅಳತೆ ಎಂಬ ನಿಯಮದಿಂದ ಆಗುವ ಹಾನಿ ಇನ್ನೂ ಗಂಭೀರವಾದುದು. ಬಯಲುಸೀಮೆಯಲ್ಲಿ ನೀರಿಂಗಿಸಲು ಯೋಗ್ಯವಾದ ಕಂದಕವನ್ನು ಅದೇ ನಕ್ಷೆ, ಅದೇ ದರಪಟ್ಟಿಯೊಂದಿಗೆ ಮಲೆನಾಡಿನ ಕಡಿದಾದ ಇಳಿಜಾರಿಗೆ ತರುವುದು ಅಪಾಯಕಾರಿ. ದಪ್ಪ ಮಣ್ಣಿನ ಹೊದಿಕೆಯುಳ್ಳ ಗುಡ್ಡದ ಹೊಟ್ಟೆಗೆ ಅತಿಯಾಗಿ ನೀರಿಳಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ಹಿಡಿತ ಸಡಿಲಗೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದುದನ್ನು ಕಂಡ ಮೇಲೆ, ಎಲ್ಲಿ ನೀರನ್ನು ನಿಲ್ಲಿಸಬೇಕು, ಎಲ್ಲಿ ಹರಿಯಗೊಡಬೇಕು ಎಂಬುದನ್ನು ಆ ಇಳಿಜಾರನ್ನು ಬಲ್ಲವರೊಂದಿಗೆ ಕುಳಿತು ತೀರ್ಮಾನಿಸದೆ ಒಂದು ಗುಂಡಿಯನ್ನೂ ತೋಡಬಾರದು. ಆ ತಿಳಿವಳಿಕೆ ರಾಜಧಾನಿಯ ಮಾದರಿ ಅಂದಾಜುಪಟ್ಟಿಯಲ್ಲಿ ಇರುವುದಿಲ್ಲ. ಊರಿನ ಹಿರಿಯರಲ್ಲಿ, ದನ ಕಾಯುವವರಲ್ಲಿ, ಸೊಪ್ಪು ತರುವ ಹೆಂಗಸರಲ್ಲಿ ಇರುತ್ತದೆ.

ಜನರನ್ನು ಸೇರಿಸಿಕೊಳ್ಳುವ ಪ್ರಯತ್ನ ನಡೆದೇ ಇಲ್ಲವೇ? ನಡೆದಿದೆ. 1993ರ ಸರ್ಕಾರಿ ಆದೇಶದಿಂದ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆ ಆರಂಭವಾಗಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡವು. ಕೆಲವು ಸಮಿತಿಗಳು ಒಳ್ಳೆಯ ಕೆಲಸವನ್ನೇ ಮಾಡಿದವು. ಆದರೆ ಕಾರ್ಯದರ್ಶಿಯ ಸ್ಥಾನ ಇಲಾಖೆಯ ಸಿಬ್ಬಂದಿಯ ಬಳಿಯೇ ಉಳಿಯಿತು, ಕಾರ್ಯಯೋಜನೆ ಮೇಲಿನಿಂದಲೇ ಬಂತು, ಹೊರಗಿನ ನೆರವು ನಿಂತಾಗ ಅನೇಕ ಸಮಿತಿಗಳು ನಾಮಫಲಕದಲ್ಲಿ ಮಾತ್ರ ಉಳಿದವು. ಹಣಕ್ಕಾಗಿ ಹುಟ್ಟಿದ ಸಂಘಟನೆ ಹಣದೊಂದಿಗೇ ಮುಗಿಯಿತು. ಇದಕ್ಕೆ ವ್ಯತಿರಿಕ್ತವಾಗಿ ಕುಮಟಾ ತಾಲ್ಲೂಕಿನ ಹಳಕಾರದ ಗ್ರಾಮ ಅರಣ್ಯ ಪಂಚಾಯಿತಿಯನ್ನು ನೋಡಬೇಕು. 1930ರ ಸುಮಾರಿಗೆ, ಬ್ರಿಟಿಷರ ಆಳ್ವಿಕೆಯಲ್ಲಿ ರೂಪುಗೊಂಡ ಆ ವ್ಯವಸ್ಥೆಯಲ್ಲಿ ಊರವರೇ ಕಾವಲುಗಾರನನ್ನು ನೇಮಿಸಿಕೊಂಡರು, ಊರವರೇ ವಂತಿಗೆ ಕೊಟ್ಟರು, ಎಷ್ಟು ಸೊಪ್ಪು, ಎಷ್ಟು ಕಟ್ಟಿಗೆ ಎಂಬ ನಿಯಮವನ್ನು ತಾವೇ ಮಾಡಿ ತಾವೇ ಪಾಲಿಸಿದರು. ಸುತ್ತಲಿನ ಗುಡ್ಡಗಳು ಬೋಳಾದರೂ ಆ ಕಾಡು ತಲೆಮಾರುಗಳ ಕಾಲ ಉಳಿಯಿತು. ಅವರ ಬಳಿ ಇದ್ದ ಹಣ ದೊಡ್ಡದಲ್ಲ. ಆದರೆ ಅದು ವರ್ಷ ವರ್ಷವೂ ಇತ್ತು ಮತ್ತು ಅದರ ಮೇಲಿನ ಅಧಿಕಾರ ಅವರದೇ ಆಗಿತ್ತು.

ಈ ಎರಡು ಗುಣಗಳನ್ನು, ಎಂದರೆ ನಿರಂತರತೆ ಮತ್ತು ಸ್ಥಳೀಯ ಅಧಿಕಾರವನ್ನು, ಸರ್ಕಾರದ ಅನುದಾನಕ್ಕೂ ತರಲು ಸಾಧ್ಯವೇ? ಕಾನೂನಿನಲ್ಲಿ ದಾರಿ ಆಗಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಅದೇ ಕಾಯ್ದೆಯ 43ನೇ ಕಲಮು ಸ್ಥಳೀಯ ಜೀವವೈವಿಧ್ಯ ನಿಧಿಯ ಬಗ್ಗೆ ಹೇಳುತ್ತದೆ. ರಾಜ್ಯ ಸರ್ಕಾರದ ಅನುದಾನ, ರಾಷ್ಟ್ರೀಯ ಪ್ರಾಧಿಕಾರ ಹಾಗೂ ರಾಜ್ಯ ಮಂಡಳಿಯ ನೆರವು, ವಾಣಿಜ್ಯ ಉದ್ದೇಶಕ್ಕೆ ಜೀವಸಂಪನ್ಮೂಲ ಸಂಗ್ರಹಿಸುವವರಿಂದ ಸಮಿತಿ ವಿಧಿಸುವ ಶುಲ್ಕ ಈ ನಿಧಿಗೆ ಸೇರಬಹುದು. ಆದರೆ ನಡೆದದ್ದೇನು? ವರ್ಷಗಟ್ಟಲೆ ನಿದ್ರಿಸಿದ ಕಾಯ್ದೆಯನ್ನು ಹಸಿರು ನ್ಯಾಯಮಂಡಳಿ ಎಚ್ಚರಿಸಬೇಕಾಯಿತು. 2020ರ ಜನವರಿ 31ರೊಳಗೆ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ಅದು ಆದೇಶಿಸಿತು. ಆಮೇಲೆ ದೇಶಾದ್ಯಂತ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳು ಕಾಗದದ ಮೇಲೆ ಸಿದ್ಧವಾದವು. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ, ನಿಧಿಯ ಖಾತೆ ಯಾವ ಬ್ಯಾಂಕಿನಲ್ಲಿದೆ, ಅದರಲ್ಲಿ ಎಷ್ಟು ಹಣವಿದೆ ಎಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಹಳ್ಳಿಯವರ ಕೈಗೆ ಹಣ ಕೊಟ್ಟರೆ ದುರುಪಯೋಗವಾಗುತ್ತದೆ, ಪಕ್ಷ ಜಾತಿಗಳ ಜಗಳಕ್ಕೆ ದಾರಿಯಾಗುತ್ತದೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು. ಊರೆಂದರೆ ಒಂದೇ ಮನಸ್ಸಿನ ಕುಟುಂಬವಲ್ಲ. ಬೇಲಿ ಹಾಕಿದರೆ ತೋಟವಿದ್ದವನಿಗೆ ಲಾಭ, ದನ ಮೇಯಿಸುವವನಿಗೆ ನಷ್ಟ. ಸಮಿತಿಯ ಕುರ್ಚಿಯಲ್ಲಿ ಉಳ್ಳವರೇ ಕುಳಿತರೆ ಕೂಲಿಕಾರರ ಒಲೆಯ ಕಟ್ಟಿಗೆಗೇ ಮೊದಲ ನಿರ್ಬಂಧ ಬೀಳುತ್ತದೆ. ಆದರೆ ದೊಡ್ಡ ಗುತ್ತಿಗೆಗಳಲ್ಲಿ ಹಣ ಸೋರುವುದಿಲ್ಲವೇ? ಸಣ್ಣ ಮೊತ್ತದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬಹುದು, ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಬರೆಯಬಹುದು. ಕೆಲಸ ನಡೆದಿದೆಯೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ನಡೆದುಹೋಗಿ ನೋಡಬಹುದು. ದೂರದ ಕೋಟಿಯ ಲೆಕ್ಕಕ್ಕೆ ಈ ಅನುಕೂಲವಿಲ್ಲ.

ಆದುದರಿಂದ ನಮ್ಮ ಬೇಡಿಕೆ ಹೆಚ್ಚು ಹಣಕ್ಕಾಗಿ ಅಲ್ಲ, ಬೇರೆ ಬಗೆಯ ಹಣಕ್ಕಾಗಿ ಇರಬೇಕು. ಮೊದಲನೆಯದಾಗಿ, ಒಂದು ಊರಿಗೆ ಒಂದೇ ವರ್ಷ ಐದು ಲಕ್ಷ ಕೊಡುವ ಬದಲು ವರ್ಷಕ್ಕೆ 50 ಸಾವಿರದಂತೆ ಹತ್ತು ವರ್ಷ ಕೊಡಲಿ. ಬೊಕ್ಕಸಕ್ಕೆ ಹೆಚ್ಚಿನ ಹೊರೆಯಿಲ್ಲ. ಕಾಡಿಗೆ ಮಾತ್ರ ಹಗಲು ರಾತ್ರಿಯ ವ್ಯತ್ಯಾಸ. ಎರಡನೆಯದಾಗಿ, ಹಣ ಮೇ ತಿಂಗಳೊಳಗೆ ಖಾತೆಗೆ ಬರಲಿ. ಮಾರ್ಚ್ 31ಕ್ಕೆ ಉಳಿದ ಹಣ ಹಿಂದಕ್ಕೆ ಹೋಗದೆ ನಿಧಿಯಲ್ಲಿಯೇ ಉಳಿಯಲಿ. ಮೂರನೆಯದಾಗಿ, ಮುಂದಿನ ಕಂತನ್ನು ನೆಟ್ಟ ಸಸಿಗಳ ಲೆಕ್ಕದ ಮೇಲೆ ಬಿಡುಗಡೆ ಮಾಡದೆ, ಬೇಸಿಗೆ ಕಳೆದ ಮೇಲೆ ಬದುಕಿರುವ ಸಸಿಗಳು, ಬೆಂಕಿ ಬೀಳದ ಎಕರೆಗಳು, ನೀರಿರುವ ಒರತೆಗಳ ಲೆಕ್ಕದ ಮೇಲೆ ಬಿಡುಗಡೆ ಮಾಡಲಿ. ಸಹಜವಾಗಿ ಹುಟ್ಟಿದ ಸಸಿಯೂ ಆ ಲೆಕ್ಕದಲ್ಲಿ ಸೇರಲಿ. ನಾಲ್ಕನೆಯದಾಗಿ, ಸಮಿತಿಯಲ್ಲಿ ಭೂಹೀನರಿಗೂ ದನಗಾಹಿಗಳಿಗೂ ಸ್ಥಾನ ಇರಲಿ; ಊರಿನ ಪಾಲು ಹಣದ ರೂಪದಲ್ಲೇ ಇರಬೇಕೆಂಬ ಕಡ್ಡಾಯ ಬೇಡ, ಶ್ರಮದ ರೂಪದಲ್ಲಿಯೂ ಸಲ್ಲಲಿ.

ಆದೇಶ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಹದಿನೈದನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ಶೇಕಡಾ 40 ಭಾಗ ನಿರ್ಬಂಧವಿಲ್ಲದ್ದಾಗಿತ್ತು. ಸ್ಥಳೀಯ ಅಗತ್ಯವೆಂದು ಕಂಡದ್ದಕ್ಕೆ ಅದನ್ನು ಬಳಸಬಹುದಿತ್ತು. ಉಳಿದ ಶೇಕಡಾ 60ರಲ್ಲಿಯೂ ಮಳೆನೀರು ಸಂಗ್ರಹಕ್ಕೆ ಅವಕಾಶವಿತ್ತು. ಒರತೆಯನ್ನು ಕಾಯುವ ಕಾಡು ಸ್ಥಳೀಯ ಅಗತ್ಯವೆಂದು ಎಷ್ಟು ಗ್ರಾಮಸಭೆಗಳು ಠರಾವು ಮಾಡಿದವು? ಕೇಳದೆ ಕೊಡಲಿಲ್ಲವೆಂದು ದೂರುವುದಕ್ಕಿಂತ, ಮುಂದಿನ ಕ್ರಿಯಾಯೋಜನೆ ಸಿದ್ಧವಾಗುವ ಮುನ್ನ ಲಿಖಿತ ಬೇಡಿಕೆ ಇಡುವುದು ನಮ್ಮ ಕರ್ತವ್ಯ.

ವಿದ್ಯಾರ್ಥಿ ಮಿತ್ರರಿಗೆ ಇಲ್ಲಿ ಹೆಚ್ಚಿನ ಪಾತ್ರವಿದೆ. ನಿಮ್ಮ ಊರಿನ ಮರಗಳಲ್ಲಿ ಯಾವುದರ ಬೀಜ ಯಾವ ವಾರ ಉದುರುತ್ತದೆ, ಯಾವ ಒರತೆ ಯಾವ ತಿಂಗಳು ಬತ್ತುತ್ತದೆ, ಹಿಂದಿನ ಬೇಸಿಗೆ ಬೆಂಕಿ ಎಲ್ಲಿಂದ ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಡಿ. ಎರಡು ವರ್ಷ ಬರೆದರೆ ಅದೇ ನಿಮ್ಮೂರಿನ ಕಾಡಿನ ಪಂಚಾಂಗ. ಅದನ್ನು ಗ್ರಾಮಸಭೆಯ ಮುಂದಿಟ್ಟು, ಹಣ ಬರಬೇಕಾದ ತಿಂಗಳು ಇದು ಎಂದು ತೋರಿಸಿ. ಮಳೆಯ ತಾರೀಖನ್ನು ಬದಲಾಯಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಹಣದ ತಾರೀಖನ್ನು ಬದಲಾಯಿಸುವುದು ಒಂದು ಆದೇಶದ ಕೆಲಸ. ಆ ಆದೇಶಕ್ಕಾಗಿ ಊರೂರಿನಿಂದ ಠರಾವುಗಳು ಹೊರಡಲಿ.