ಈಜು ವಿದ್ಯೆಯೂ ದಾಸೋಹವಾಗಲಿ

ಘಟಪ್ರಭಾ ಎಡದಂಡೆ ಕಾಲುವೆಯ ನೀರು ಮಹಾಲಿಂಗಪುರದ ಸೀಮೆಯನ್ನು ಕಬ್ಬಿನ ನಾಡಾಗಿಸಿದೆ. ಕಾಲುವೆ, ಬಾವಿ, ಕೃಷಿಹೊಂಡಗಳ ನಡುವೆ ಬೆಳೆಯುವ ಮಗುವಿಗೆ ಆ ನೀರೇ ಅಪಾಯವೂ ಆಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಅಸುನೀಗಿದರು. ಅವರಲ್ಲಿ ಸುಮಾರು ಕಾಲುಭಾಗ 5 ವರ್ಷದೊಳಗಿನ ಮಕ್ಕಳು. ಆದುದರಿಂದ ಈಜನ್ನು ಸಿರಿವಂತರ ವಿನೋದವೆಂದು ಬಗೆಯದೆ ಪ್ರಾಣರಕ್ಷಣೆಯ ವಿದ್ಯೆಯೆಂದು ತಿಳಿಯಬೇಕು.

ಶುಲ್ಕ ಹೆಚ್ಚಿದ್ದಲ್ಲಿ ಕಲಿಕೆ ಮೇಲಾಗಿರುತ್ತದೆಂಬ ನಂಬಿಕೆ ಸಲ್ಲದು. ಪಾಲಕರು ಗಮನಿಸಬೇಕಾದವು ಮೂರು: ನೀರು ಮಗುವಿನ ಎದೆಮಟ್ಟವನ್ನು ಮೀರಬಾರದು, ಒಬ್ಬ ಶಿಕ್ಷಕರ ಬಳಿ ನಾಲ್ಕಕ್ಕಿಂತ ಹೆಚ್ಚು ಎಳೆಯರಿರಬಾರದು, ವೇಗಕ್ಕಿಂತ ಮೊದಲು ಉಸಿರು ಹಿಡಿಯುವುದನ್ನು, ಅಂಗಾತ ತೇಲುವುದನ್ನು, ದಡ ಸೇರುವುದನ್ನು ಕಲಿಸಬೇಕು. ಒಬ್ಬರಿಗೇ ಕಲಿಸುವ ಪಾಠಕ್ಕಿಂತ ಸಣ್ಣ ಗುಂಪಿನ ಪಾಠಕ್ಕೆ ಖರ್ಚು ಕಡಿಮೆ. ಜೊತೆಗಾರರಿದ್ದರೆ ಮಗುವಿನ ಅಂಜಿಕೆಯೂ ಇಳಿಯುತ್ತದೆ.

ನಮ್ಮ ಹಿರಿಯರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ತೋಟದ ಬಾವಿಯಲ್ಲಿ ಈಸು ಕಲಿಸುತ್ತಿದ್ದರು. ಆಳವಾದ ಬಾವಿ ಎಳೆಯ ಮಗುವಿನ ಮೊದಲ ಶಾಲೆಯಾಗದು. ಹರಿಯುವ ಕಾಲುವೆಯಂತೂ ಯಾರಿಗೂ ಶಾಲೆಯಲ್ಲ. ಆದರೆ ಹಣ ಪಡೆಯದೆ ಕಲಿಸುತ್ತಿದ್ದ ಅವರ ಮನಸ್ಸು ನಮಗೆ ಇಂದಿಗೂ ಬೇಕು. ಬೇಸಿಗೆಯ ರಜೆಯಲ್ಲಿ ಈಜು ಬಲ್ಲ ಹಿರಿಯರೊಬ್ಬರು ಸಮೀಪದ ಈಜುಕೊಳದಲ್ಲಿ ನಾಲ್ಕು ಮಕ್ಕಳಿಗೆ ಕಲಿಸಿದರೆ, ಬಡ ಪಾಲಕರಿಗೆ ಕೊಳದ ಪ್ರವೇಶಧನವಷ್ಟೇ ಹೊರೆ. ಶರಣರ ದಾಸೋಹತತ್ತ್ವ ಅನ್ನಕ್ಕೆ ಮಾತ್ರ ಸೀಮಿತವಲ್ಲವಷ್ಟೆ.

ಇನ್ನೊಂದು ಮಾತು: ಈಜು ಕಲಿತ ಮಗುವೂ ನೀರಿನಲ್ಲಿರುವಾಗ ಹಿರಿಯರ ಕೈಯಳತೆಯಲ್ಲಿಯೇ ಇರಬೇಕು.