ಬೋರ್ಡು ಕನ್ನಡವಾಯಿತು, ಸಹಾಯದ ಪುಟ ಯಾವಾಗ?



ಬೋರ್ಡಿನ ಶೇ 60 ಭಾಗ ಕನ್ನಡದಲ್ಲಿರಬೇಕು ಎಂದು 2024ರಲ್ಲಿ ಕಾನೂನು ಬಂತು. ಬೀದಿಗಿಳಿದವರಿಗೆ ಶರಣು. ಆದರೆ ಬೋರ್ಡು ದಾಟಿ ಒಳಗೆ ಹೋಗಿ ನೋಡಿದ್ದೀರಾ? ಎಷ್ಟೋ ಪೋರ್ಟಲ್‌ಗಳಲ್ಲಿ 'ಸಹಾಯ' ಎಂಬ ಬಟನ್ ಮಾತ್ರ ಕನ್ನಡ. ಒತ್ತಿದರೆ ತೆರೆದುಕೊಳ್ಳುವುದು ಹತ್ತಾರು ಪುಟಗಳ ಇಂಗ್ಲಿಷ್ ಕೈಪಿಡಿ! ಬಾಗಿಲಿಗೆ ಮಾವಿನ ತೋರಣ, ಒಳಗೆ ಒಲೆಯೇ ಹಚ್ಚಿಲ್ಲ.

ಇದರ ಪೆಟ್ಟು ಯಾರಿಗೆ? ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವನಿಗಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಸಂತೆಮರಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಹುಡುಗನಿಗೆ. ಸುತ್ತಲಿನ ರೈತರ ಅರ್ಜಿಗಳೆಲ್ಲ ಅವನ ಕೀಲಿಮಣೆಯ ಮೇಲೇ ಹಾದುಹೋಗಬೇಕು. ಗುಂಡ್ಲುಪೇಟೆ ಕಡೆಯವರು ತಮಿಳಿನಲ್ಲೂ ಮಲಯಾಳದಲ್ಲೂ ತರಕಾರಿ ವ್ಯಾಪಾರ ಕುದುರಿಸಬಲ್ಲವರು. ಭಾಷೆ ಕಲಿಯಲಾರದ ದಡ್ಡರಲ್ಲ ಸ್ವಾಮಿ! ಆದರೆ ತಮ್ಮದೇ ಸರ್ಕಾರದ ತಂತ್ರಾಂಶ ಕೈಕೊಟ್ಟಾಗ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕೆಂದರೆ ಯಾವ ನ್ಯಾಯ?

ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲ ಎಂಬ ಹಳೇ ರಾಗ ಬೇಡ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡವಿತ್ತು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಲಕ್ಷಾಂತರ ಪಹಣಿಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿತು. ದಾಖಲೆ ಕನ್ನಡದಲ್ಲಿ ಸಾಧ್ಯವಾದ ಮೇಲೆ, ತಂತ್ರಾಂಶ ಬಳಸುವ ವಿಧಾನ ಕನ್ನಡದಲ್ಲಿ ಏಕೆ ಅಸಾಧ್ಯ?

ಪೋರ್ಟಲ್‌ಗೆ ಹೊಸ ರೂಪ ಕೊಡುತ್ತೇವೆಂದು ಇಲಾಖೆಗಳೂ ಕಂಪನಿಗಳೂ ಆಗಾಗ ಹೊರಡುತ್ತವೆ. ಬಣ್ಣ ಬದಲು, ಲಾಂಛನ ಬದಲು. ಸಹಾಯದ ಪುಟವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ಯಂತ್ರಕ್ಕೆ ತುರುಕಿ ಕನ್ನಡ ತೆಗೆಯುತ್ತಾರೆ. ಅದನ್ನು ಓದಿದರೆ ಇಂಗ್ಲಿಷೇ ವಾಸಿ! 'ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ, ಏನು ಮಾಡಲಿ?' ಇದು ರೈತನ ಪ್ರಶ್ನೆ. ಇದೇ ಪುಟದ ತಲೆಬರಹವಾಗಬೇಕು, 'ಮಾಡ್ಯೂಲ್ 4' ಅಲ್ಲ. 'ಪಹಣಿ' ಎಂದು ಹುಡುಕಿದರೂ, 'ಆರ್‌ಟಿಸಿ' ಎಂದರೂ, ವಿಭಕ್ತಿ ಹಚ್ಚಿ 'ಪಹಣಿಗೆ' ಎಂದರೂ ಅದೇ ಪುಟ ಸಿಗಬೇಕು. ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಕೂರಿಸಿದ ಪಿಡಿಎಫ್ ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಬರೀ ಕಸ. ಕೈಪಿಡಿಯನ್ನು ಸ್ಕ್ಯಾನ್ ಮಾಡಿ ಅಂಟಿಸುವ ಮಹಾನುಭಾವರೂ ಇದ್ದಾರೆ!

ಹೊಸ ರೂಪ ಕೊಡುವಾಗ ಭಾಷೆಗಳೇ ಹಾರಿಹೋಗುವುದೂ ಉಂಟು. ವೆಬ್ ಕೆಲಸದವರು ದಿನವೂ ತಡಕುವ ಮೊಜಿಲ್ಲಾದ 'ಎಂಡಿಎನ್' ತಾಣ 2020ರ ಡಿಸೆಂಬರ್‌ನಲ್ಲಿ ಹೊಸ ವ್ಯವಸ್ಥೆಗೆ ಬದಲಾಯಿತು. ನೋಡಿಕೊಳ್ಳುವ ತಂಡವಿಲ್ಲದ ಭಾಷೆಗಳನ್ನು ಆಮೇಲೆ ಕೈಬಿಟ್ಟರು. ಹಿಂದಿ ಹೋಯಿತು, ಬಂಗಾಳಿಯೂ ಹೋಯಿತು. ಫ್ರೆಂಚ್, ಜಪಾನಿ, ಕೊರಿಯನ್ ಉಳಿದವು. ಕೊರಿಯನ್ ಆಡುವವರು ಸುಮಾರು 8 ಕೋಟಿ, ಹಿಂದಿಯವರು ಅದರ ಎಷ್ಟೋ ಪಟ್ಟು. ತಲೆ ಎಣಿಕೆ ನೆರವಿಗೆ ಬರಲಿಲ್ಲ. ಕೂತು ಬರೆಯುವವರು, ತಿದ್ದುವವರು ಕೊರಿಯನ್ನಿಗಿದ್ದರು, ಅಷ್ಟೇ. ಆರೂವರೆ ಕೋಟಿ ಕನ್ನಡಿಗರು ಎಂದು ವೇದಿಕೆಯಲ್ಲಿ ಗುಡುಗುವ ನಮ್ಮವರು ಇದನ್ನು ಒಮ್ಮೆ ಯೋಚಿಸಲಿ.

ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಸಂಬಳಕ್ಕೆ ಇಂಗ್ಲಿಷ್ ಕೈಪಿಡಿ ಬರೆಯುವ ಕನ್ನಡದ ಹುಡುಗ ಹುಡುಗಿಯರೇ, ಈ ಕಸುಬು ಬಲ್ಲವರು ನೀವೇ. ವಾರಕ್ಕೊಂದು ಪುಟ ಕನ್ನಡದಲ್ಲಿ ಬರೆಯಿರಿ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ಓದಿಸಿ, ಅರ್ಥವಾಗದ ಪದವನ್ನು ಹೊಡೆದುಹಾಕಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಇಷ್ಟು: ಪೋರ್ಟಲ್‌ಗೆ ಟೆಂಡರ್ ಕರೆಯುವಾಗಲೇ ಷರತ್ತು ಹಾಕಲಿ. ಸಹಾಯದ ಪುಟಗಳನ್ನು ಮೊದಲು ಕನ್ನಡದಲ್ಲಿ ಬರೆದು, ಒಂದು ಹೋಬಳಿ ಕೇಂದ್ರದಲ್ಲಿ ಜನರ ಕೈಗೆ ಕೊಟ್ಟು ಪರೀಕ್ಷಿಸಬೇಕು. ಅದಾಗುವವರೆಗೆ ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡಕೂಡದು.